ಸೆರೆಮನೆಯ ಎಣಿಕೆಗೆ ಸಿಗದ ಮನಸ್ಸು

ಸೇವೆಗೆ ಸೇರಿದ ಆರಂಭದ ವರ್ಷಗಳಲ್ಲಿ ನಾನು ಉಪವಿಭಾಗಾಧಿಕಾರಿಯಾಗಿದ್ದೆ. ಆ ಹುದ್ದೆಯೊಂದಿಗೆ ದಂಡಾಧಿಕಾರಿಯ ಅಧಿಕಾರವೂ ಬರುತ್ತದೆ. ಸೆರೆಮನೆಯಲ್ಲಿ ಯಾರಾದರೂ ಅಸಹಜವಾಗಿ ಸತ್ತರೆ ವಿಚಾರಣೆ ನಡೆಸುವ ಹೊಣೆ ಆಗ ನಮ್ಮಂಥವರದೇ ಆಗಿತ್ತು. ಅದನ್ನು ನ್ಯಾಯಾಂಗದ ದಂಡಾಧಿಕಾರಿಗಳಿಗೆ ವಹಿಸಿದ ತಿದ್ದುಪಡಿ ಜಾರಿಗೆ ಬಂದದ್ದು 2006ರಲ್ಲಿ. ಅಂಥದೊಂದು ವಿಚಾರಣೆಗಾಗಿ ಒಂದು ಬೆಳಿಗ್ಗೆ ಸೆರೆಮನೆಗೆ ಹೋಗಬೇಕಾಯಿತು. ಇಪ್ಪತ್ತರ ಆಸುಪಾಸಿನ ವಿಚಾರಣಾಧೀನ ಕೈದಿಯೊಬ್ಬ ಹಿಂದಿನ ರಾತ್ರಿ ಆತ್ಮಹತ್ಯೆ ಮಾಡಿಕೊಂಡಿದ್ದ.

ನಾನು ದಾಖಲೆಗಳನ್ನು ನೋಡಿದೆ. ಸಂಜೆಯ ಎಣಿಕೆ ಸರಿಯಾಗಿತ್ತು. ಬೀಗಗಳು ಬಿದ್ದಿದ್ದವು. ಪಾಳಿಯ ವಾರ್ಡರ್ ಹಾಜರಿದ್ದು ಪುಸ್ತಕಕ್ಕೆ ಸಹಿ ಹಾಕಿದ್ದ. ಅದೇ ಬ್ಯಾರಕಿನ ವಯಸ್ಸಾದ ಕೈದಿಯೊಬ್ಬನ ಹೇಳಿಕೆ ಪಡೆಯುವಾಗ ಆತ, ‘ಹುಡುಗ ಮೂರು ದಿನದಿಂದ ಉಂಡಿರಲಿಲ್ಲ ಸ್ವಾಮಿ, ಯಾರ ಜೊತೆಗೂ ಮಾತಿರಲಿಲ್ಲ’ ಎಂದ. ‘ಹಾಗಿದ್ದರೆ ಯಾರಿಗಾದರೂ ಹೇಳಬಾರದಿತ್ತೇ?’ ಎಂದು ಕೇಳಿದೆ. ‘ಯಾರಿಗೆ ಹೇಳೋದು ಸ್ವಾಮಿ?’ ಎಂದ. ಆ ಮರುಪ್ರಶ್ನೆ ವಿಚಾರಣೆಗೆ ಅಪ್ರಸ್ತುತವೆಂದು ನಾನು ಬರೆದುಕೊಳ್ಳಲಿಲ್ಲ. ‘ಸಿಬ್ಬಂದಿಯ ಕರ್ತವ್ಯಲೋಪ ಕಂಡುಬಂದಿರುವುದಿಲ್ಲ’ ಎಂಬ ವಾಕ್ಯದೊಂದಿಗೆ ವರದಿ ಮುಗಿಸಿದೆ. ವಾಕ್ಯವೇನೋ ನಿಜವೇ ಆಗಿತ್ತು. ಹುಡುಗನ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ತಿಳಿದುಕೊಳ್ಳುವುದು ಅಲ್ಲಿ ಯಾರ ಕರ್ತವ್ಯವೂ ಆಗಿರಲಿಲ್ಲ. ಇಲ್ಲದ ಕರ್ತವ್ಯಕ್ಕೆ ಲೋಪವೆಲ್ಲಿಂದ ಬರಬೇಕು?

ಇದಾಗಿ ಸುಮಾರು ಎರಡು ದಶಕಗಳ ಬಳಿಕ, ಹೊಸ ಹುದ್ದೆಗಳ ಪ್ರಸ್ತಾವಗಳನ್ನು ಪರಿಶೀಲಿಸುವ ಸ್ಥಾನದಲ್ಲಿ ನಾನು ಕುಳಿತಿದ್ದಾಗ ಒಂದು ಕಡತ ಬಂತು. ಕಾರಾಗೃಹಗಳಿಗೆ ಚಿಕಿತ್ಸಾ ಮನೋವಿಜ್ಞಾನಿಗಳ ಕೆಲವು ಕಾಯಂ ಹುದ್ದೆಗಳು ಬೇಕೆಂಬ ಪ್ರಸ್ತಾವ ಅದು. ನಾನು ಬರೆದ ಷರಾ ಇಂದಿಗೂ ನೆನಪಿದೆ: ‘ಕಾರ್ಯಭಾರದ ಸಮರ್ಥನೆ ಸಾಲದು. ಅಗತ್ಯಬಿದ್ದಲ್ಲಿ ಗುತ್ತಿಗೆ ಆಧಾರದ ಮೇಲೆ ಸೇವೆ ಪಡೆಯಬಹುದು.’ ಕಡತ ಹಿಂದಿರುಗಿತು. ಸರ್ಕಾರದ ಹಣ ಉಳಿಸಿದೆನೆಂಬ ಸಮಾಧಾನವೂ ಅಂದು ನನಗಿತ್ತು. ಷರಾ ಬರೆಯುವಾಗ ಆ ಹುಡುಗನ ನೆನಪು ಒಮ್ಮೆಯೂ ಬರಲಿಲ್ಲ.

ನೆನಪು ಬರುವಂತೆ ಮಾಡಿದವಳು ನನ್ನ ತಂಗಿಯ ಮಗಳು. ಚಿಕಿತ್ಸಾ ಮನೋವಿಜ್ಞಾನದಲ್ಲಿ ಎಂ.ಫಿಲ್. ತರಬೇತಿ ಮುಗಿಸಿದ ಅವಳು, ಎಲ್ಲರೂ ಬೇಡವೆಂದರೂ, ಒಂದು ದೊಡ್ಡ ಸೆರೆಮನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿ ನಾಲ್ಕು ವರ್ಷ ದುಡಿದಳು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಪತ್ರ. ಒಂದು ಕರಾರಿಗೂ ಮತ್ತೊಂದಕ್ಕೂ ನಡುವೆ ಸಂಬಳವಿಲ್ಲದ ವಾರಗಳು. ನಾಲ್ಕನೆಯ ಕರಾರು ಮುಗಿದ ಮೇಲೆ ಐದನೆಯದು ಬರಲೇ ಇಲ್ಲ. ಅವಳು ಯಾವ ಕೈದಿಯ ಹೆಸರನ್ನಾಗಲೀ ಕಥೆಯನ್ನಾಗಲೀ ನನಗೆ ಹೇಳಿದವಳಲ್ಲ. ಆದರೆ ಆ ಕೆಲಸ ಹೇಗಿರುತ್ತದೆ ಎಂಬುದನ್ನು ಅವಳಿಂದಲೇ ತಿಳಿದೆ.

ಅವಳಿಗೆ ಕೊಟ್ಟಿದ್ದು ಹಿಂದೆ ಉಗ್ರಾಣವಾಗಿದ್ದ ಒಂದು ಕೋಣೆ. ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. ಹೊರಗಿರುವ ವಾರ್ಡರ್‌ಗೆ ಒಳಗಿನವರು ಕಾಣಬೇಕು, ಆದರೆ ಮಾತು ಕೇಳಿಸಬಾರದು. ಅದಕ್ಕಾಗಿ ಬಾಗಿಲನ್ನು ಎಷ್ಟು ತೆರೆದಿಡಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳಲು ಒಂದು ತಿಂಗಳು ಹಿಡಿಯಿತಂತೆ. ‘ನೀನು ಏನು ಮಾಡಿದೆ?’ ಎಂದು ಅವಳು ಮೊದಲಿಗೆ ಕೇಳುತ್ತಿರಲಿಲ್ಲ. ಆ ಪ್ರಶ್ನೆಯನ್ನು ಪೊಲೀಸರು, ವಕೀಲರು, ನ್ಯಾಯಾಧೀಶರು ಎಲ್ಲರೂ ಕೇಳಿ ಮುಗಿಸಿರುತ್ತಾರೆ. ‘ರಾತ್ರಿ ನಿದ್ದೆ ಬರುತ್ತಾ?’ ಎಂಬುದೇ ಅವಳ ಮೊದಲ ಪ್ರಶ್ನೆ.

ಸೆರೆಮನೆಯಲ್ಲಿ ಎಚ್ಚರ ವಹಿಸಬೇಕಾದ ದಿನಗಳ ಪಂಚಾಂಗವೇ ಒಂದಿದೆಯಂತೆ: ಒಳಗೆ ಬಂದ ಮೊದಲ ಕೆಲವು ದಿನಗಳು, ಕುಡಿತವನ್ನೋ ಗಾಂಜಾವನ್ನೋ ಏಕಾಏಕಿ ಕಳೆದುಕೊಂಡ ದೇಹ ನಡುಗುವ ಹೊತ್ತು, ಜಾಮೀನು ತಿರಸ್ಕೃತವಾದ ಸಂಜೆ, ತೀರ್ಪಿನ ಹಿಂದಿನ ರಾತ್ರಿ, ಮುಲಾಖತ್ತಿಗೆ ಬರುತ್ತೇನೆಂದ ಹೆಂಡತಿ ಬಾರದ ದಿನ, ಯುಗಾದಿ, ರಂಜಾನ್, ದೀಪಾವಳಿ. ಈ ದಿನಗಳಲ್ಲಿ ಯಾರು ಮೌನವಾದರು, ಯಾರು ತಟ್ಟೆ ಮುಟ್ಟಲಿಲ್ಲ ಎಂಬುದನ್ನು ಗಮನಿಸಲು ಅವಳು ವಾರ್ಡರುಗಳಿಗೂ ಕೆಲವು ಹಿರಿಯ ಕೈದಿಗಳಿಗೂ ಕಲಿಸಿದಳು. ನನ್ನ ವಿಚಾರಣೆಯ ಆ ವೃದ್ಧ ಕೈದಿ ಯಾರೂ ಕಲಿಸದೆಯೇ ಅದನ್ನು ಗಮನಿಸಿದ್ದ. ಹೇಳಲು ಒಬ್ಬರಿರಲಿಲ್ಲ, ಅಷ್ಟೆ.

ಇದು ಸಾವನ್ನು ತಡೆಯುವ ಕೆಲಸ. ಅಪರಾಧವನ್ನು ತಡೆಯುವ ಕೆಲಸ ಇದಕ್ಕಿಂತ ನಿಧಾನದ್ದು. ‘ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ’ ಎಂಬ ಗಾದೆಯನ್ನು ಕೈದಿಗಳೇ ಅವಳಿಗೆ ಹೇಳುತ್ತಿದ್ದರಂತೆ. ‘ಮಾವ, ಅವರಿಗೆ ಗಾದೆ ಗೊತ್ತಿದೆ. ಸಿಟ್ಟು ಬಂದಾಗ ಅದು ನೆನಪಿಗೆ ಬರಲ್ಲ. ಸಿಟ್ಟಿಗೂ ಕೈಗೂ ನಡುವೆ ಅರ್ಧ ನಿಮಿಷ ಇರುತ್ತಲ್ಲ, ನಾನು ಕೆಲಸ ಮಾಡೋದು ಅಲ್ಲಿ’ ಎಂದಳು. ಹತ್ತು ಹನ್ನೆರಡು ಮಂದಿಯನ್ನು ವೃತ್ತಾಕಾರವಾಗಿ ಕೂರಿಸಿ, ಜಗಳವಾದ ದಿನವನ್ನು ಬಿಡಿಬಿಡಿಯಾಗಿ ಹೇಳಿಸುವುದು: ಅವನು ಏನೆಂದ, ಅದನ್ನು ನೀನು ಏನೆಂದು ತಿಳಿದೆ, ಎದೆ ಬಡಿತ ಯಾವಾಗ ಏರಿತು, ಬೇರೆ ಹೇಗೆ ತಿಳಿಯಬಹುದಿತ್ತು. ವಾರ ವಾರವೂ ಅದೇ ಅಭ್ಯಾಸ. ಕೆಲವರು ಬದಲಾಗುತ್ತಾರೆ, ಕೆಲವರು ಪೆರೋಲ್ ಅರ್ಜಿಗೆ ಒಂದು ಒಳ್ಳೆಯ ಪತ್ರ ಸಿಗಲೆಂದು ಬದಲಾದಂತೆ ನಟಿಸುತ್ತಾರೆ, ಕೆಲವರಲ್ಲಿ ಪಶ್ಚಾತ್ತಾಪದ ಸುಳಿವೇ ಇರುವುದಿಲ್ಲ. ಈ ಮೂವರನ್ನು ಬೇರ್ಪಡಿಸಿ ನೋಡಲು ತರಬೇತಿ ಬೇಕು, ಕಾಲವೂ ಬೇಕು. ಹನ್ನೊಂದು ತಿಂಗಳ ಕರಾರಿನಲ್ಲಿ ಇವೆರಡೂ ದೊರೆಯುವುದು ಕಷ್ಟ.

ಈ ಅಗತ್ಯ ಎಷ್ಟು ದೊಡ್ಡದು? ಉತ್ತರ ನಮ್ಮ ಬೆಂಗಳೂರಿನಲ್ಲೇ ಇದೆ. ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಜ್ಞರು 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುಗಳ ಸಮಸ್ಯೆ ಇದ್ದವರು ಶೇ 79.6. ಮಾದಕ ವಸ್ತುಗಳ ಸಮಸ್ಯೆಯನ್ನು ಬದಿಗಿಟ್ಟರೂ ಶೇ 27.6 ಮಂದಿಗೆ ಗುರುತಿಸಬಹುದಾದ ಮಾನಸಿಕ ಕಾಯಿಲೆ ಇತ್ತು. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಘಟಕ 2022ರವರೆಗೆ ಪ್ರಕಟಿಸಿದ ಕಾರಾಗೃಹ ಅಂಕಿಅಂಶಗಳಲ್ಲಿ ದೇಶದಾದ್ಯಂತ ಮಾನಸಿಕ ಅಸ್ವಸ್ಥರೆಂದು ನಮೂದಾದ ಕೈದಿಗಳ ಪ್ರಮಾಣ ಶೇ 2ನ್ನೂ ಮುಟ್ಟುವುದಿಲ್ಲ. ನೋಡಲು ಜನರಿದ್ದ ಒಂದು ಸೆರೆಮನೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. ನೋಡುವವರಿಲ್ಲದ ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಕಾಯಿಲೆ ಇಲ್ಲವೆಂದಲ್ಲ, ಕಂಡುಹಿಡಿಯುವವರು ಇಲ್ಲವೆಂದೇ ಇದರರ್ಥ.

2016ರ ಮಾದರಿ ಕಾರಾಗೃಹ ಕೈಪಿಡಿ 500 ಕೈದಿಗಳಿಗೆ ಒಬ್ಬ ಮನೋವಿಜ್ಞಾನಿ ಅಥವಾ ಆಪ್ತಸಮಾಲೋಚಕ ಇರಬೇಕೆನ್ನುತ್ತದೆ. 2022ರ ಅಂತ್ಯಕ್ಕೆ ದೇಶದ ಸೆರೆಮನೆಗಳಲ್ಲಿ 5.73 ಲಕ್ಷ ಜನರಿದ್ದರು. ಕೈಪಿಡಿಯ ಲೆಕ್ಕದಂತೆ ಸಾವಿರದ ನೂರಕ್ಕೂ ಹೆಚ್ಚು ತಜ್ಞರು ಬೇಕಿತ್ತು. 2025ರ ಇಂಡಿಯಾ ಜಸ್ಟಿಸ್ ವರದಿಯ ಪ್ರಕಾರ ಇದ್ದ ಮನೋವಿಜ್ಞಾನಿಗಳು ಮತ್ತು ಮನೋವೈದ್ಯರು ಒಟ್ಟು 25. ಎರಡು ಸೊನ್ನೆ ಬಿಟ್ಟುಹೋಗಿದೆಯೇನೋ ಎಂದು ನಾನು ಮತ್ತೊಮ್ಮೆ ನೋಡಿದೆ. ಬಿಟ್ಟುಹೋಗಿರಲಿಲ್ಲ.

ಕಾನೂನಿನ ಕೊರತೆ ನಮಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೆಯ ಸೆಕ್ಷನ್, ಪ್ರತಿ ರಾಜ್ಯದ ಕನಿಷ್ಠ ಒಂದು ಸೆರೆಮನೆಯ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಘಟಕವಿರಬೇಕೆಂದು ವಿಧಿಸುತ್ತದೆ. ಸೆರೆಮನೆಯಲ್ಲಿ ಮಾನಸಿಕ ಅಸ್ವಸ್ಥ ಕೈದಿಗಳಿಲ್ಲವೆಂದು ಅಲ್ಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಸಂಬಂಧಿಸಿದ ಮಂಡಳಿಗೆ ಪ್ರಮಾಣೀಕರಿಸಬೇಕೆಂದೂ ಹೇಳುತ್ತದೆ. ಅಂಥವರನ್ನು ಸೆರೆಯಲ್ಲಿ ಕೊಳೆಯಲು ಬಿಡದೆ ಚಿಕಿತ್ಸೆಗೆ ಕಳುಹಿಸಲಿ ಎಂಬುದು ಅದರ ಸದುದ್ದೇಶ. ಆದರೆ ಜೀವನವಿಡೀ ಇಂಥ ಪ್ರಮಾಣಪತ್ರಗಳನ್ನು ಓದಿದ ನನಗೆ ಬೇರೊಂದು ಭಯವಿದೆ. ಹುಡುಕದವನಿಗೆ ‘ಇಲ್ಲ’ ಎಂದು ಬರೆಯುವುದು ಸುಲಭ. ಹುಡುಕಿದವನಿಗೆ ಬೆಂಗಾವಲು ಪೊಲೀಸರನ್ನು ಕೇಳುವ, ವಾಹನ ಹೊಂದಿಸುವ, ಆಸ್ಪತ್ರೆಗೆ ಪತ್ರ ಬರೆಯುವ ಕೆಲಸ ಹೆಚ್ಚುತ್ತದೆ. ಪ್ರಾಮಾಣಿಕತೆಗೆ ಶ್ರಮ, ಉದಾಸೀನಕ್ಕೆ ವಿಶ್ರಾಂತಿ ಎಂಬಂಥ ವ್ಯವಸ್ಥೆಯಲ್ಲಿ ಯಾವುದು ಹೆಚ್ಚು ಉತ್ಪಾದನೆಯಾಗುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

ಸುಪ್ರೀಂ ಕೋರ್ಟ್ 2018ರಲ್ಲಿ ನೇಮಿಸಿದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿಯ ಪ್ರಕಾರ, 2017ರಿಂದ 2021ರವರೆಗೆ ದೇಶದ ಸೆರೆಮನೆಗಳಲ್ಲಿ ಸಂಭವಿಸಿದ 817 ಅಸಹಜ ಸಾವುಗಳಲ್ಲಿ 660 ಆತ್ಮಹತ್ಯೆಗಳು. ನೇಣಿಗೆ ಅನುವಾಗದಂತೆ ಬ್ಯಾರಕುಗಳನ್ನು ಕಟ್ಟಬೇಕೆಂಬುದು ಅದರ ಸಲಹೆಗಳಲ್ಲೊಂದು. ಅದು ಬೇಕಾದದ್ದೇ. ಆದರೆ ಗೋಡೆ ತಿದ್ದುವುದಕ್ಕೆ ಟೆಂಡರ್ ಕರೆಯಬಹುದು, ಮನುಷ್ಯನ ಮಾತು ಕೇಳುವುದಕ್ಕೆ ಟೆಂಡರ್ ಇಲ್ಲ. ಹಾಗಾಗಿ ಮೊದಲನೆಯದು ಆಗಿ, ಎರಡನೆಯದು ಉಳಿದುಬಿಡುವ ಸಂಭವವೇ ಹೆಚ್ಚು.

ಇಲ್ಲಿ ಓದುಗರು ಎತ್ತುವ ಆಕ್ಷೇಪವನ್ನು ನಾನು ಬಲ್ಲೆ. ಕೊಲೆ ಮಾಡಿದವನಿಗೆ, ಅತ್ಯಾಚಾರ ಮಾಡಿದವನಿಗೆ ನಮ್ಮ ತೆರಿಗೆಯ ಹಣದಲ್ಲಿ ಸಾಂತ್ವನವೇ? ಕಳೆದುಕೊಂಡವರ ಮನೆಗೆ ಯಾವ ಮನೋವಿಜ್ಞಾನಿ ಹೋಗುತ್ತಾನೆ? ಪ್ರಶ್ನೆ ನ್ಯಾಯವಾದದ್ದೇ. ಸಂತ್ರಸ್ತರಿಗೆ ನಾವು ಏನೇನೂ ಮಾಡುತ್ತಿಲ್ಲ ಎನ್ನುವಷ್ಟು ಕಡಿಮೆ ಮಾಡುತ್ತಿದ್ದೇವೆ. ಆದರೆ ಎರಡು ಸಂಗತಿ ಮರೆಯಬಾರದು. 2022ರ ಅಂತ್ಯಕ್ಕೆ ಸೆರೆಯಲ್ಲಿದ್ದವರಲ್ಲಿ ಶೇ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಅಪರಾಧಿಗಳೆಂದು ಯಾವ ನ್ಯಾಯಾಲಯವೂ ಅವರನ್ನು ಇನ್ನೂ ಘೋಷಿಸಿರಲಿಲ್ಲ. ಎರಡನೆಯದು, ಒಳಗಿರುವವರಲ್ಲಿ ಬಹುತೇಕರು ಒಂದು ದಿನ ಹೊರಗೆ ಬರುತ್ತಾರೆ. ನಮ್ಮ ಬೀದಿಗೆ, ನಮ್ಮ ಬಸ್ಸಿಗೆ, ಅವರ ಹೆಂಡತಿ ಮಕ್ಕಳಿರುವ ಮನೆಗೆ. ಸೆರೆಮನೆಯ ಬೇರೆಲ್ಲ ಸಿಬ್ಬಂದಿಯ ಹೊಣೆ ಬಿಡುಗಡೆಯ ದಿನಕ್ಕೆ ಮುಗಿಯುತ್ತದೆ. ಮನೋವಿಜ್ಞಾನಿಯ ಕೆಲಸದ ಪರೀಕ್ಷೆ ಆರಂಭವಾಗುವುದೇ ಅಂದಿನಿಂದ.

ಎಂಎ ತರಗತಿಯಲ್ಲಿ ನಾವು ಓದಿದ ಗ್ಯಾರಿ ಬೆಕರ್ ಎಂಬ ಅರ್ಥಶಾಸ್ತ್ರಜ್ಞ 1968ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಅಪರಾಧಿಯನ್ನೂ ವ್ಯಾಪಾರಿಯಂತೆ ಕಂಡಿದ್ದ. ಲಾಭ ಎಷ್ಟು, ಸಿಕ್ಕಿಬೀಳುವ ಸಂಭವ ಎಷ್ಟು, ಶಿಕ್ಷೆ ಎಷ್ಟು ಎಂದು ತೂಗಿ ನೋಡುವವನು ಆತನ ಅಪರಾಧಿ. ಬ್ಯಾಂಕಿನ ಹಣ ನುಂಗಿದವರಿಗೆ ಈ ವಿವರಣೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಗದ್ದೆಯ ಬದುವಿನ ಜಗಳದಲ್ಲಿ ಮಚ್ಚು ಎತ್ತಿದವನು, ಕುಡಿದು ಹೆಂಡತಿಯನ್ನು ಹೊಡೆದು ಕೊಂದವನು ಯಾವ ಲೆಕ್ಕ ಹಾಕಿದ್ದ? ಲೆಕ್ಕ ಹಾಕುವ ಶಕ್ತಿ ಆ ಕ್ಷಣ ಕೈಕೊಟ್ಟದ್ದರಿಂದಲೇ ಅವನು ಒಳಗಿದ್ದಾನೆ. ಅಂಥವನಿಗೆ ಶಿಕ್ಷೆಯ ಅವಧಿ ಹೆಚ್ಚಿಸಿ ಬುದ್ಧಿ ಕಲಿಸುತ್ತೇವೆ ಎನ್ನುವುದು ಅರ್ಧ ಮಾತು.

ಇತ್ತೀಚಿನ ಅರ್ಥಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಷಿಕಾಗೋದಲ್ಲಿ ಹುಡುಗರಿಗೆ ಒಂದು ಆಟ ಆಡಿಸಿದರು. ಒಬ್ಬನ ಕೈಯಲ್ಲಿ ಚೆಂಡು. ಮೂವತ್ತು ಸೆಕೆಂಡಿನಲ್ಲಿ ಅದನ್ನು ಪಡೆಯಬೇಕೆಂದು ಇನ್ನೊಬ್ಬನಿಗೆ ಹೇಳಿದರೆ, ಸಾಮಾನ್ಯವಾಗಿ ಬಲಪ್ರಯೋಗವೇ ನಡೆಯುತ್ತಿತ್ತು. ‘ಕೊಡು ಎಂದು ಕೇಳಬಹುದಿತ್ತಲ್ಲ’ ಎಂದು ಮಾರ್ಗದರ್ಶಕ ಹೇಳಿದಾಗ ಹುಡುಗರಿಗೆ ಅಚ್ಚರಿ. ಇಂಥ ಪಾಠಗಳನ್ನು ಪಡೆದ ಶಾಲಾ ಹುಡುಗರು ಹಿಂಸಾಪ್ರಕರಣಗಳಲ್ಲಿ ಬಂಧಿತರಾಗುವುದು ಆ ಅವಧಿಯಲ್ಲಿ ಸುಮಾರು ಅರ್ಧಕ್ಕಿಳಿಯಿತು. ಬಾಲಬಂದಿಗಳ ಕೇಂದ್ರದಲ್ಲಿ ಇದೇ ಬಗೆಯ ತರಬೇತಿ ಪಡೆದವರು ಮರಳಿ ಅಲ್ಲಿಗೆ ಬರುವುದು ಶೇ 21ರಷ್ಟು ಕಡಿಮೆಯಾಯಿತು. ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಲೈಬೀರಿಯಾದ ಮನ್ರೋವಿಯಾದಲ್ಲಿ ಕಳ್ಳತನ, ಹೊಡೆದಾಟಗಳಲ್ಲಿ ತೊಡಗಿದ್ದ 999 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಎಂಟು ವಾರಗಳ ಚಿಕಿತ್ಸೆಯ ಜೊತೆಗೆ 200 ಡಾಲರ್ ಪಡೆದವರ ಅಪರಾಧ ಪ್ರವೃತ್ತಿ, ಹತ್ತು ವರ್ಷದ ಬಳಿಕವೂ, ಎರಡನ್ನೂ ಪಡೆಯದವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟಿತ್ತು. ಚಿಕಿತ್ಸೆಯೊಂದೇ, ಹಣವೊಂದೇ ಅಷ್ಟು ಕಾಲ ಬಾಳಲಿಲ್ಲ.

ಆದರೆ ಇಲ್ಲಿ ಉತ್ಸಾಹಕ್ಕೆ ಕಡಿವಾಣವೂ ಬೇಕು. ಅದನ್ನು ಹಾಕಿದವಳು ನನ್ನ ಸೊಸೆಯೇ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸೆರೆಮನೆಗಳಲ್ಲಿ ಲೈಂಗಿಕ ಅಪರಾಧಿಗಳಿಗೆ ತೊಂಬತ್ತರ ದಶಕದಿಂದ ಒಂದು ಗುಂಪು ಚಿಕಿತ್ಸಾ ಕಾರ್ಯಕ್ರಮ ನಡೆಯುತ್ತಿತ್ತು. ಎಲ್ಲರೂ ಮೆಚ್ಚಿದ್ದ ಕಾರ್ಯಕ್ರಮ. 2017ರಲ್ಲಿ ಅಲ್ಲಿನ ನ್ಯಾಯ ಸಚಿವಾಲಯ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ಚಿಕಿತ್ಸೆ ಪಡೆದವರಲ್ಲಿ ಶೇ 10 ಮಂದಿ ಮತ್ತೆ ಲೈಂಗಿಕ ಅಪರಾಧ ಎಸಗಿದ್ದರೆ, ಪಡೆಯದ ಅದೇ ಬಗೆಯ ಕೈದಿಗಳಲ್ಲಿ ಅದು ಶೇ 8 ಇತ್ತು. ಗುಂಪಿನಲ್ಲಿ ಕುಳಿತು ಅಪರಾಧದ ಬಗ್ಗೆ ಮಾತಾಡುತ್ತ ಅದು ಸಹಜವೆಂಬ ಭಾವನೆ ಬೆಳೆದಿರಬಹುದೆಂಬುದು ಒಂದು ಊಹೆ. ಕಾರ್ಯಕ್ರಮವನ್ನು ಕೈಬಿಟ್ಟರು. ‘ಮಾವ, ಒಳ್ಳೆಯ ಮನಸ್ಸಿನಿಂದ ಮಾಡಿದ್ದೆಲ್ಲ ಒಳ್ಳೆಯದಾಗಲ್ಲ. ಮಾಡಿದ್ದನ್ನ ಅಳೀಬೇಕು’ ಎಂದಳು. ಕಾಲು ಶತಮಾನ ನಡೆಸಿದ್ದನ್ನು ಅಳೆದು, ತಪ್ಪೆಂದು ಕಂಡು, ಬಹಿರಂಗವಾಗಿ ಹೇಳಿ ನಿಲ್ಲಿಸಿದ ಆ ಆಡಳಿತದ ಬಗ್ಗೆ ನನಗೆ ಗೌರವ ಮೂಡಿತು. ನಮ್ಮಲ್ಲಿ ಆರಂಭಿಸುವುದೂ ಕಷ್ಟ, ಆರಂಭಿಸಿದ್ದನ್ನು ಅಳೆಯುವುದಂತೂ ಇನ್ನೂ ಕಷ್ಟ.

ಸೆರೆಮನೆಯಲ್ಲಿ ಒಳ್ಳೆಯ ಕೆಲಸಗಳೇ ನಡೆದಿಲ್ಲ ಎನ್ನುವಂತಿಲ್ಲ. ತಿಹಾರ್‌ನಲ್ಲಿ ಕಿರಣ್ ಬೇಡಿಯವರ ಕಾಲದಲ್ಲಿ, 1994ರಲ್ಲಿ, ಸಾವಿರಕ್ಕೂ ಹೆಚ್ಚು ಕೈದಿಗಳು ವಿಪಶ್ಯನ ಶಿಬಿರದಲ್ಲಿ ಕುಳಿತರು. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ನಮ್ಮ ರಾಜ್ಯದ ಸೆರೆಮನೆಗಳ ಕೈದಿಗಳಿಂದ ನಾಟಕ ಮಾಡಿಸಿದರು. ಇವುಗಳ ಬೆಲೆ ದೊಡ್ಡದು. ಆದರೆ ಧ್ಯಾನವೂ ರಂಗಭೂಮಿಯೂ ಚಿಕಿತ್ಸೆಯ ಜಾಗವನ್ನು ತುಂಬಲಾರವು. ಕಿವಿಯಲ್ಲಿ ದನಿ ಕೇಳಿಸುವ ಕೈದಿಗೆ, ಹತ್ತು ದಿನದಿಂದ ನಿದ್ದೆ ಇಲ್ಲದವನಿಗೆ ಬೇಕಾದದ್ದು ರೋಗವನ್ನು ಗುರುತಿಸಿ ವೈದ್ಯರ ಬಳಿಗೆ ಕಳುಹಿಸಬಲ್ಲ ಕಣ್ಣು.

ಈ ವೃತ್ತಿಯ ಅತ್ಯಂತ ಕಠಿಣ ಪ್ರಶ್ನೆ ಬೇರೆಯೇ ಇದೆ: ಮನೋವಿಜ್ಞಾನಿ ಯಾರ ಕಡೆಯವಳು? ಸಂಬಳ ಕೊಡುವುದು ಸೆರೆಮನೆ, ನಂಬಿ ಮಾತಾಡುವುದು ಕೈದಿ. ‘ಅವನು ನಿಮ್ಮ ಹತ್ತಿರ ಏನು ಹೇಳಿದ ಮೇಡಂ?’ ಎಂಬ ಪ್ರಶ್ನೆ ಅಧಿಕಾರಿಗಳಿಂದ ಅವಳಿಗೆ ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ವಿಚಾರಣಾಧೀನ ಕೈದಿಯ ಒಂದು ಮಾತು ಹೊರಬಿದ್ದರೆ ಅವನ ಮೊಕದ್ದಮೆಯೇ ತಿರುಗಬಹುದು. 2017ರ ಕಾಯ್ದೆ ಗೋಪ್ಯತೆಯನ್ನು ಹಕ್ಕೆಂದು ಮಾನ್ಯ ಮಾಡಿದೆ; ಜೀವಕ್ಕೆ ಅಪಾಯವಿದ್ದಾಗ, ಇತರರಿಗೆ ಹಾನಿ ತಪ್ಪಿಸಬೇಕಾದಾಗ ಎಂಬಂಥ ವಿನಾಯಿತಿಗಳನ್ನೂ ಇಟ್ಟಿದೆ. ಹಾಗಾಗಿ ಅವಳು ಮೊದಲ ದಿನವೇ ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು: ‘ನೀವು ಸಾಯಬೇಕೆಂದಿದ್ದರೆ, ಇನ್ನೊಬ್ಬರಿಗೆ ಕೇಡು ಮಾಡಬೇಕೆಂದಿದ್ದರೆ ಅದನ್ನು ನಾನು ಮುಚ್ಚಿಡಲಾರೆ. ಉಳಿದದ್ದು ಈ ಕೋಣೆ ದಾಟದು.’ ಆ ಮಾತನ್ನು ಉಳಿಸಿಕೊಳ್ಳಲು ಅಧಿಕಾರಿಗಳಿಗೆ ಇಲ್ಲವೆನ್ನುವ ಧೈರ್ಯ ಬೇಕು. ಮುಂದಿನ ತಿಂಗಳ ಕರಾರು ಆ ಅಧಿಕಾರಿಯ ಶಿಫಾರಸಿನ ಮೇಲೆಯೇ ನಿಂತಿದ್ದರೆ ಆ ಧೈರ್ಯ ಎಲ್ಲಿಂದ ಬರಬೇಕು? ‘ಗುತ್ತಿಗೆ ಆಧಾರದ ಮೇಲೆ ಸೇವೆ ಪಡೆಯಬಹುದು’ ಎಂದು ಬರೆದಾಗ ನಾನು ಯೋಚಿಸದೇ ಹೋದ ಮುಖ್ಯ ಸಂಗತಿ ಇದು.

ಆ ಷರಾದ ವಿಷಯ ಒಂದು ದಿನ ಅವಳಿಗೆ ಹೇಳಿಕೊಂಡೆ. ಬೈಯುತ್ತಾಳೆಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕರಾರು ನಿಂತ ದಿನ ನನ್ನ ಗುಂಪಿನಲ್ಲಿ ಹನ್ನೊಂದು ಜನ ಇದ್ದರು ಮಾವ. ಬರೋ ಗುರುವಾರ ಸಿಗೋಣ ಅಂತ ಹೇಳಿ ಬಂದಿದ್ದೆ. ಯಾಕೆ ಬರಲಿಲ್ಲ ಅಂತ ಅವರಿಗೆ ಯಾರೂ ಹೇಳಿರಲ್ಲ’ ಎಂದಳು. ನಾನು ಉತ್ತರಿಸಲಿಲ್ಲ.

ಆಗಬೇಕಾದದ್ದು ಅಸಾಧ್ಯವಾದದ್ದೇನಲ್ಲ. ಮೊದಲು ಪ್ರತಿ ಕೇಂದ್ರ ಕಾರಾಗೃಹದಲ್ಲೂ ಕಾಯಂ ಹುದ್ದೆಗಳು ಮಂಜೂರಾಗಬೇಕು. ಅವರ ವೃತ್ತಿಪರ ಮೇಲ್ವಿಚಾರಣೆ ಸೆರೆಮನೆಯ ಆಡಳಿತದ ಕೈಯಲ್ಲಿರದೆ ಆರೋಗ್ಯ ಇಲಾಖೆಯ ಅಥವಾ ಒಂದು ಬೋಧನಾ ಆಸ್ಪತ್ರೆಯ ಕೈಯಲ್ಲಿರಬೇಕು. ಒಳಬರುವ ಪ್ರತಿಯೊಬ್ಬರ ಮಾನಸಿಕ ಸ್ಥಿತಿಯನ್ನೂ ಮೊದಲ ದಿನಗಳಲ್ಲೇ ಪರಿಶೀಲಿಸಬೇಕು. ತಜ್ಞರು ತಲುಪಲಾಗದ ಸಣ್ಣ ಸೆರೆಮನೆಗಳಲ್ಲಿ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕೈದಿಗಳು ಕರೆ ಮಾಡುವ ಅನುಕೂಲವಿರಬೇಕು. ವಾರ್ಡರುಗಳ ತರಬೇತಿಯಲ್ಲಿ ಇದೂ ಒಂದು ಪಾಠವಾಗಬೇಕು. ಹಗಲಿರುಳು ಅಲ್ಲೇ ದುಡಿಯುವ ಅವರ ಮನಸ್ಸಿಗೂ ಆಸರೆ ಬೇಕು. ಕೊನೆಯದಾಗಿ, ಚಿಕಿತ್ಸೆ ಪಡೆದವರು ಬಿಡುಗಡೆಯ ನಂತರ ಏನಾದರೆಂಬುದನ್ನು ವರ್ಷಗಟ್ಟಲೆ ಅಳೆದು, ಫಲಿತಾಂಶ ಏನೇ ಇರಲಿ, ಪ್ರಕಟಿಸಬೇಕು.

ಇದಕ್ಕೆಲ್ಲ ಹಣ ಬೇಕು ಎನ್ನುವವರ ಸಾಲಿನಲ್ಲಿ ನಾನೂ ಕುಳಿತಿದ್ದವನು. ಹುದ್ದೆಯ ಸಂಬಳ ಕಡತದಲ್ಲಿ ಕಾಣುತ್ತದೆ. ಹುದ್ದೆ ಇಲ್ಲದ್ದರಿಂದ ಆಗುವ ವೆಚ್ಚ ಯಾವ ಕಡತದಲ್ಲೂ ಕಾಣುವುದಿಲ್ಲ; ಅದು ಮತ್ತೊಂದು ಅಪರಾಧವಾಗಿ, ಮತ್ತೊಂದು ಮನೆಯ ದುಃಖವಾಗಿ, ಸೆರೆಮನೆಯ ಮತ್ತೊಂದು ಮರಣ ವಿಚಾರಣೆಯಾಗಿ ಬೇರೆ ಬೇರೆ ಇಲಾಖೆಗಳ ಲೆಕ್ಕದಲ್ಲಿ ಹಂಚಿಹೋಗಿರುತ್ತದೆ. ಇಂಥ ಪ್ರಸ್ತಾವವೊಂದು ಇಂದು ಯಾವುದೋ ಅಧಿಕಾರಿಯ ಮೇಜಿನ ಮೇಲಿರಬಹುದು. ‘ಕಾರ್ಯಭಾರದ ಸಮರ್ಥನೆ ಸಾಲದು’ ಎಂದು ಬರೆಯುವ ಮೊದಲು ಅವರು ಒಂದು ಸಂಜೆ ಸೆರೆಮನೆಗೆ ಹೋಗಿ, ಎಣಿಕೆ ಮುಗಿದು ಬೀಗ ಬಿದ್ದ ಮೇಲೆ ಸ್ವಲ್ಪ ಹೊತ್ತು ಅಲ್ಲಿ ನಿಲ್ಲಲಿ. ಒಳಗಿರುವ ಯಾರಿಗಾದರೂ ಆ ರಾತ್ರಿ ಏನಾದರೂ ಹೇಳಬೇಕೆನಿಸಿದರೆ ಯಾರಿಗೆ ಹೇಳುತ್ತಾರೆ ಎಂದು ಜೈಲರನ್ನು ಕೇಳಲಿ. ಸಿಕ್ಕ ಉತ್ತರವನ್ನು ಕಡತದಲ್ಲಿ ದಾಖಲಿಸಲಿ. ನಾನು ಅದನ್ನು ದಾಖಲಿಸಲಿಲ್ಲ.